ನಾಟಕ ಬರೆದಾಯಿತು, ಇನ್ನು ಯಾರಿಗೆ ಕೊಡುವುದು?

ಹೋದ ವರ್ಷ ದಸರಾ ರಜೆಯಲ್ಲಿ ನಾನು ಒಂದು ನಾಟಕ ಬರೆದೆ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಎಪ್ಪತ್ತು ಪುಟ ತುಂಬಿತು. ಹದಿನಾಲ್ಕು ಪಾತ್ರಗಳು, ಒಂದು ಮದುವೆ ಮನೆ, ಒಂದು ಬಸ್ ಸ್ಟ್ಯಾಂಡ್, ಒಂದು ಆಸ್ಪತ್ರೆ, ಕೊನೆಯ ದೃಶ್ಯದಲ್ಲಿ ಜೋರು ಮಳೆ. ನಮ್ಮ ಕನ್ನಡ ಮೇಡಂ ಅದನ್ನು ಓದಿ, ತಮಗೆ ಪರಿಚಯವಿದ್ದ ಹವ್ಯಾಸಿ ತಂಡವೊಂದರ ನಿರ್ದೇಶಕರಿಗೆ ಕೊಟ್ಟರು. ಹದಿನೈದು ದಿನ ಇಟ್ಟುಕೊಂಡು ವಾಪಸ್ ಕೊಡುವಾಗ ಅವರು ಕಥೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಮೂರೇ ಪ್ರಶ್ನೆ ಕೇಳಿದರು. "ಎಷ್ಟು ಜನ ಬೇಕಮ್ಮಾ? ಎಷ್ಟು ಹೊತ್ತು ಆಗುತ್ತೆ? ಎಷ್ಟು ಜಾಗ ತೋರಿಸಬೇಕು?"

ನನಗೆ ಅಳು ಬಂದಿತ್ತು, ಸಿಟ್ಟೂ ಬಂದಿತ್ತು. ಅಕೌಂಟೆನ್ಸಿ ಓದುವ ಹುಡುಗಿಗೆ ಅದು ಲೆಕ್ಕದ ಪ್ರಶ್ನೆ ಎಂದು ಹೊಳೆಯಲು ಒಂದು ವಾರ ಹಿಡಿಯಿತು. ಹವ್ಯಾಸಿ ತಂಡದಲ್ಲಿ ಇರುವವರು ಬ್ಯಾಂಕಿನವರು, ಮೇಷ್ಟ್ರುಗಳು, ಅಂಗಡಿ ನಡೆಸುವವರು. ಹಗಲು ಕೆಲಸ ಮುಗಿಸಿ ಸಂಜೆ ತಾಲೀಮಿಗೆ ಬರುತ್ತಾರೆ. ಹದಿನಾಲ್ಕು ಜನ ಒಂದೇ ಸಂಜೆ ಒಂದೇ ಕಡೆ ಸೇರುವುದು ನಮ್ಮ ಮನೆಯಲ್ಲಿ ಈದ್ ದಿನ ಬಿಟ್ಟರೆ ಬೇರೆ ದಿನ ನಾನು ನೋಡಿಲ್ಲ. ಅದರ ಮೇಲೆ ರಂಗಮಂದಿರದ ಬಾಡಿಗೆ, ಬೆಳಕು, ಮೈಕು, ಬಟ್ಟೆ, ಸಾಮಾನು ಸಾಗಿಸುವ ಗಾಡಿ. ಟಿಕೆಟ್ಟಿನಿಂದ ಇಷ್ಟೂ ಹುಟ್ಟುವುದು ಕಷ್ಟ. ಹೀಗಿರುವಾಗ ಹೊಸಬರ ನಾಟಕ ಕೈಗೆತ್ತಿಕೊಳ್ಳುವ ತಂಡ ಮೊದಲು ನೋಡುವುದು ಅದನ್ನು ಆಡಲು ಆಗುತ್ತದೆಯೇ ಎಂದು. ಚೆನ್ನಾಗಿದೆಯೇ ಎಂದು ನೋಡುವುದು ಆಮೇಲೆ.

ನಮ್ಮ ಕಾಲೇಜಿನಲ್ಲಿ ಶಾಯರಿ ಬರೆಯುವವರಿದ್ದಾರೆ, ಕವನ ಬರೆಯುವವರು ಪ್ರತಿ ಸಂಚಿಕೆಯಲ್ಲೂ ಇದ್ದಾರೆ. ನಾಟಕ ಬರೆಯುವವರು ಕಾಣುವುದಿಲ್ಲ. ವಾರ್ಷಿಕೋತ್ಸವಕ್ಕೆ ಯೂಟ್ಯೂಬಿನಲ್ಲಿ ನೋಡಿದ ಸ್ಕಿಟ್ ಎತ್ತಿಕೊಂಡು ಆಡುತ್ತೇವೆ. ಹಾಗಾಗಿ ನನಗೆ ಈ ಒಂದು ವರ್ಷದಲ್ಲಿ ಗೊತ್ತಾದದ್ದನ್ನು ಬರೆದಿಡುತ್ತಿದ್ದೇನೆ.

ಎರಡನೇ ಸಲ ನಾನು ಬರೆದ ನಾಟಕದ ಹೆಸರು 'ಉದ್ರಿ ಪುಸ್ತಕ'. ನಾಲ್ಕು ಪಾತ್ರ, ಒಂದೇ ಕೋಣೆ, ಇಪ್ಪತ್ತೈದು ನಿಮಿಷ. ಕಿರಾಣಿ ಅಂಗಡಿಯ ದಾದಾ ತೀರಿಕೊಂಡು ನಲವತ್ತು ದಿನ ಆಗಿದೆ. ಅವರ ಉದ್ರಿ ಪುಸ್ತಕದಲ್ಲಿ ಓಣಿಯ ಅರ್ಧ ಜನರ ಹೆಸರಿದೆ. ಚಾಚಾಗೆ ವಸೂಲಿ ಮಾಡಬೇಕು, ಅಂಗಡಿಯ ಸಾಲದ ಕಂತು ಕಟ್ಟಬೇಕಲ್ಲ. ದಾದಿಗೆ ಆ ಪುಸ್ತಕ ಹರಿದು ಹಾಕಬೇಕು. ಅಷ್ಟರಲ್ಲಿ ಒಬ್ಬ ಗಿರಾಕಿ ತಾನಾಗಿಯೇ ದುಡ್ಡು ತೆಗೆದುಕೊಂಡು ಬರುತ್ತಾನೆ. ಪುಸ್ತಕ ತೆಗೆದು ನೋಡಿದರೆ ಅವನ ಹೆಸರಿನ ಮೇಲೆ ದಾದಾ ಆಗಲೇ ಗೆರೆ ಎಳೆದಿದ್ದಾರೆ.

ಕಥೆಗೂ ನಾಟಕಕ್ಕೂ ಇರುವ ವ್ಯತ್ಯಾಸ ನನಗೆ ತಿಳಿದದ್ದು ಆ ಗೆರೆಯಿಂದ. ಕಥೆಯಲ್ಲಾದರೆ "ದಾದಾ ಬಹಳ ಉದಾರಿ, ಬಡವರ ಸಾಲ ಮನ್ನಾ ಮಾಡುತ್ತಿದ್ದರು" ಎಂದು ಬರೆದು ಮುಂದೆ ಹೋಗಬಹುದು. ನಾಟಕದಲ್ಲಿ ಹಾಗೆ ಹೇಳಲು ಯಾರೂ ಇಲ್ಲ. ಪ್ರೇಕ್ಷಕರು ಪುಸ್ತಕ ನೋಡಬೇಕು, ಗೆರೆ ನೋಡಬೇಕು, ಚಾಚಾನ ಮುಖ ನೋಡಬೇಕು. ಮೊದಲ ಪಿಯುಸಿಯಲ್ಲಿ ಕನ್ನಡ ತೆಗೆದುಕೊಂಡವರು ಚಂದ್ರಶೇಖರ ಕಂಬಾರರ 'ಬೋಳೇಶಂಕರ' ಓದಿದ್ದೀರಿ. ಪರೀಕ್ಷೆಗೆ ಸಾರಾಂಶ ಬರೆಯುವ ಗಡಿಬಿಡಿಯಲ್ಲಿ ನಾವು ಅದನ್ನೂ ಕಥೆಯಂತೆಯೇ ಓದಿ ಮುಗಿಸುತ್ತೇವೆ. ಒಮ್ಮೆ ನಾಲ್ಕು ಜನ ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಿ ನೋಡಿ, ಬೇರೆಯೇ ಪುಸ್ತಕ ಅನ್ನಿಸುತ್ತದೆ.

ಶುರು ಮಾಡುವುದು ಹೇಗೆ ಎಂದು ನನಗೆ ತೋರಿಸಿಕೊಟ್ಟದ್ದು ಗಿರೀಶ ಕಾರ್ನಾಡರ 'ತುಘಲಕ್'. 1964ರ ನಾಟಕ, ಆಗ ಅವರಿಗೆ ಇಪ್ಪತ್ತಾರು. ಸುಲ್ತಾನ ಮುಹಮ್ಮದ್ ಬಿನ್ ತುಘಲಕ್‌ನ ಬಗ್ಗೆ ನಮಗೆ ಹೈಸ್ಕೂಲಿನಿಂದ ಪಾಠವಿದೆ: ರಾಜಧಾನಿ ಬದಲಿಸಿದ, ಹುಚ್ಚ ಅನ್ನಿಸಿಕೊಂಡ. ಕಾರ್ನಾಡರು ಅರಮನೆಯಲ್ಲಿ ಶುರು ಮಾಡುವುದಿಲ್ಲ, ನ್ಯಾಯಾಲಯದ ಮುಂದೆ ಸೇರಿದ ಜನರ ಗುಂಪಿನಿಂದ ಶುರು ಮಾಡುತ್ತಾರೆ. ಒಬ್ಬ ಬ್ರಾಹ್ಮಣ ಸುಲ್ತಾನನ ಮೇಲೆಯೇ ದಾವೆ ಹೂಡಿ ಗೆದ್ದಿದ್ದಾನೆ. ದೃಶ್ಯ ಮುಗಿಯುವುದರೊಳಗೆ ಗೊತ್ತಾಗುತ್ತದೆ, ಅವನು ಬ್ರಾಹ್ಮಣನೇ ಅಲ್ಲ, ಅಜೀಜ್ ಎಂಬ ಅಗಸ. ಸುಲ್ತಾನನ ನ್ಯಾಯವೂ ಆ ನ್ಯಾಯವನ್ನು ಬಳಸಿಕೊಳ್ಳುವ ಚಾಲಾಕಿಯೂ ಒಂದೇ ದೃಶ್ಯದಲ್ಲಿ ಮುಗಿದುಹೋಯಿತು. ನನ್ನ ಎಪ್ಪತ್ತು ಪುಟದ ನಾಟಕದಲ್ಲಿ ಮೊದಲ ಹನ್ನೆರಡು ಪುಟ ಎಲ್ಲರೂ ಚಹಾ ಕುಡಿಯುತ್ತಿದ್ದರು.

ಉರ್ದು ವಿಭಾಗದ ಗೆಳೆಯರಿಗೆ ಇನ್ನೊಂದು ಹೆಸರು ಹೇಳುತ್ತೇನೆ, ಹಬೀಬ್ ತನ್ವೀರ್ ಅವರ 'ಆಗ್ರಾ ಬಜಾರ್'. 1954ರಲ್ಲಿ ದೆಹಲಿಯ ಜಾಮಿಯಾ ಮಿಲ್ಲಿಯಾದಲ್ಲಿ, ಅಲ್ಲಿನ ವಿದ್ಯಾರ್ಥಿಗಳನ್ನೂ ಹತ್ತಿರದ ಓಖ್ಲಾ ಊರಿನವರನ್ನೂ ಸೇರಿಸಿಕೊಂಡು ಆಡಿಸಿದ ನಾಟಕ ಅದು. ನಜೀರ್ ಅಕ್ಬರಾಬಾದಿ ಎಂಬ ಕವಿಯ ಬಗ್ಗೆ ನಾಟಕ, ಆದರೆ ಕವಿ ವೇದಿಕೆಗೆ ಬರುವುದೇ ಇಲ್ಲ. ಬಜಾರಿನಲ್ಲಿ ಸೌತೆಕಾಯಿ ಮಾರುವವನೊಬ್ಬ ವ್ಯಾಪಾರವಾಗದೆ, ನನ್ನ ಸೌತೆಕಾಯಿ ಮೇಲೆ ಒಂದು ಪದ್ಯ ಬರೆದುಕೊಡಿ ಎಂದು ಕಂಡಕಂಡ ಕವಿಗಳ ಬೆನ್ನು ಹತ್ತುತ್ತಾನೆ. ಬಿಸಿನೆಸ್ ಸ್ಟಡೀಸ್‌ನಲ್ಲಿ ಜಾಹೀರಾತು ಪಾಠ ಓದುವಾಗಲೆಲ್ಲ ನನಗೆ ಅವನೇ ನೆನಪಾಗುತ್ತಾನೆ.

ಇನ್ನು ಭಾಷೆಯ ವಿಷಯ. ನನಗೆ ಅತ್ಯಂತ ಕಷ್ಟವಾದದ್ದು ಇದೇ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮ ಮನೆಯಲ್ಲಿ ಮಾತು ಉರ್ದು, ಅದೂ ಪುಸ್ತಕದ ಉರ್ದು ಅಲ್ಲ, "ನಕ್ಕೋ" "ಹೌ" ಎನ್ನುವ ನಮ್ಮ ಕಡೆಯ ದಖನಿ. ಅಬ್ಬಾ ಅಂಗಡಿಯಲ್ಲಿ ಆಡುವುದು ಶಿವಮೊಗ್ಗದ ಕನ್ನಡ, ಯಾರಿಗೂ ಕಮ್ಮಿಯಿಲ್ಲದಂಥದ್ದು. ಹಾಗಾದರೆ ನಾಟಕದ ದಾದಿ ಯಾವ ಭಾಷೆಯಲ್ಲಿ ಮಾತಾಡಬೇಕು? ಉರ್ದುವಿನಲ್ಲೇ ಬರೆದರೆ ಕನ್ನಡ ಪ್ರೇಕ್ಷಕರಿಗೆ ತಿಳಿಯುವುದಿಲ್ಲ. ಕನ್ನಡದಲ್ಲಿ ಬರೆದರೆ ನನ್ನ ದಾದಿ ಅನ್ನಿಸುವುದಿಲ್ಲ. ಮೂರನೆಯ ದಾರಿ ಒಂದಿದೆ, ಅದನ್ನು ನಾನು ಒಂದು ಅಂತರಕಾಲೇಜು ಸ್ಪರ್ಧೆಯಲ್ಲಿ ನೋಡಿದೆ. ಒಂದು ತಂಡದ ನಾಟಕದಲ್ಲಿ ಸಾಬಿ ಎಂಬ ಪಾತ್ರ ಬಂತು. ಹೆಸರೂ ಇಲ್ಲ, ಸಾಬಿ ಅಷ್ಟೇ. ತಲೆಗೆ ಟೋಪಿ, ಮಾತಿನಲ್ಲಿ ಲಿಂಗ ವಚನ ಎಲ್ಲ ತಪ್ಪು. "ನೀನು ಬರ್ತಾನೆ, ನಾನು ಹೋಗ್ತಾಳೆ." ಸಭಾಂಗಣ ಬಿದ್ದು ಬಿದ್ದು ನಕ್ಕಿತು. ನನ್ನ ಪಕ್ಕ ಕುಳಿತಿದ್ದ ನಮ್ಮ ಕಾಲೇಜಿನ ಹುಡುಗಿಯರೂ ನಕ್ಕರು. ಮೊದಲು ನಾನೂ ನಕ್ಕೆ. ಮನೆಗೆ ಹೋದ ಮೇಲೆ ಅಬ್ಬಾ ಫೋನಿನಲ್ಲಿ ಯಾರೊಂದಿಗೋ ಅಕ್ಕಿ ರೇಟು ಮಾತಾಡುತ್ತಿದ್ದರು, ಅಚ್ಚುಕಟ್ಟಾದ ಕನ್ನಡದಲ್ಲಿ. ಆ ನಗು ಆಗ ಗಂಟಲಲ್ಲಿ ಸಿಕ್ಕಿಕೊಂಡಿತು.

ಆ ತಂಡದವರಿಗೆ ಕೆಟ್ಟ ಮನಸ್ಸು ಇತ್ತೆಂದು ನಾನು ಹೇಳುವುದಿಲ್ಲ. ನಮ್ಮ ಮನೆಯ ಒಳಗೆ ಹೇಗೆ ಮಾತಾಡುತ್ತಾರೆ ಎಂದು ಅವರಿಗೆ ಗೊತ್ತಿಲ್ಲ, ಗೊತ್ತಿರುವ ನಾವು ಬರೆದಿಲ್ಲ.

ಮನೆಮಾತು ಬೇರೆ ಇದ್ದವರಿಗೆ ಕನ್ನಡ ನಾಟಕ ಹೊಸದೇನಲ್ಲ ಎಂದು ಮೇಡಂ ಹೇಳಿದರು. ಟಿ.ಪಿ. ಕೈಲಾಸಂ ಅವರ ಮನೆಮಾತು ತಮಿಳು. ಅವರು ಬೆಂಗಳೂರಿನ ಮನೆಗಳಲ್ಲಿ ಜನ ಇಂಗ್ಲಿಷ್ ಬೆರೆಸಿ ಆಡುತ್ತಿದ್ದ ಕನ್ನಡವನ್ನು ಹಾಗೆಯೇ ರಂಗದ ಮೇಲೆ ತಂದರು. ಕಾರ್ನಾಡರ ಮನೆಮಾತು ಕೊಂಕಣಿ. ನಾಟಕಕಾರರಲ್ಲದಿದ್ದರೂ ಬಾನು ಮುಷ್ತಾಕ್ ಅವರ ಹೆಸರನ್ನು ಇಲ್ಲಿ ಬಿಡಲಾರೆ. ಉರ್ದು ಮನೆಯ ಹುಡುಗಿಯಾಗಿ ನಮ್ಮ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿದವರು, 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದರು.

ನಾನು ಕೊನೆಗೆ ಮಾಡಿದ್ದು ಇಷ್ಟು. ಮನೆಯವರು ತಮ್ಮ ತಮ್ಮಲ್ಲಿ ಮಾತಾಡುವಾಗ ನೇರವಾದ, ಸಹಜವಾದ ಕನ್ನಡ. ಏಕೆಂದರೆ ಅವರ ಕಿವಿಗೆ ಅವರ ಮಾತು ಸರಿಯಾಗಿಯೇ ಇದೆ. ಅಬ್ಬಾ, ದಾದಿ, ಹಿಸಾಬ್, ಮಾಫ್ ಇಂಥ ಕೆಲವು ಮಾತುಗಳು ಹಾಗೆಯೇ ಉಳಿದವು. ದಾದಿ ಸಿಟ್ಟಿಗೆದ್ದಾಗ ಮಾತ್ರ ಒಂದು ಸಾಲು ಪೂರ್ತಿ ದಖನಿ. ಅರ್ಥವಾಗದಿದ್ದರೂ ಸಿಟ್ಟು ಅರ್ಥವಾಗುತ್ತದೆ.

ಬರೆದ ಮೇಲೆ ಓದಿಸಬೇಕು. ಶುಕ್ರವಾರ ನಮಾಜಿಗೆ ಬಿಡುವು ಉದ್ದ ಇರುತ್ತದಲ್ಲ, ಆ ಹೊತ್ತಿನಲ್ಲಿ ನಾವು ನಾಲ್ವರು ಹುಡುಗಿಯರು ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಕುಳಿತು ಓದಿದೆವು. ನನ್ನ ಪಾತ್ರ ನಾನು ಓದಲಿಲ್ಲ, ಸುಮ್ಮನೆ ಕೇಳಿದೆ. ಓದುವವಳು ಎಲ್ಲಿ ತಡವರಿಸುತ್ತಾಳೋ ಅಲ್ಲಿ ವಾಕ್ಯ ಉದ್ದವಾಗಿದೆ. ಎಲ್ಲಿ ಉಳಿದವರು ಕಿಟಕಿ ಕಡೆ ನೋಡುತ್ತಾರೋ ಅಲ್ಲಿ ದೃಶ್ಯ ಸತ್ತಿದೆ. ಎಂಟು ಪುಟ ಹೊಡೆದು ಹಾಕಿದೆ.

ಇನ್ನೊಂದು ಓದು ಬಾಕಿ ಇತ್ತು. ಉದ್ರಿ ಪುಸ್ತಕ ನಮ್ಮ ಮನೆಯದೇ. ನನ್ನ ದಾದಾ ತೀರಿಕೊಂಡು ಮೂರು ವರ್ಷವಾಯಿತು. ಆ ಪುಸ್ತಕದ ವಿಷಯಕ್ಕೆ ಅಬ್ಬಾ ಮತ್ತು ಚಾಚಾ ಕೆಲವು ತಿಂಗಳು ಮಾತು ಬಿಟ್ಟಿದ್ದರು. ಮನೆಯ ಮಾತನ್ನು ನಾಲ್ಕು ಜನರ ಮುಂದೆ ಇಡುವ ಹಕ್ಕು ನನಗಿದೆಯೇ? ಹೊಸದಾಗಿ ಬರೆಯುವವರಿಗೆಲ್ಲ ಈ ಪ್ರಶ್ನೆ ಎದುರಾಗುತ್ತದೆ ಅಂದುಕೊಂಡಿದ್ದೇನೆ, ಏಕೆಂದರೆ ಹದಿನೇಳು ವರ್ಷಕ್ಕೆ ನಮಗೆ ಚೆನ್ನಾಗಿ ಗೊತ್ತಿರುವುದು ಮನೆಯೊಂದೇ. ಇಶಾ ಆದ ಮೇಲೆ ಅಬ್ಬಾಗೆ ಪೂರ್ತಿ ಓದಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಚಾಚಾನ್ನ ಇಷ್ಟು ಆಸೆಬುರುಕ ಮಾಡಬೇಡ. ಅವನಿಗೂ ಕಂತು ಕಟ್ಟೋದಿತ್ತು, ಮಕ್ಕಳ ಫೀಸಿತ್ತು" ಅಂದರು. ಆಡಿಸಬೇಡ ಅನ್ನಲಿಲ್ಲ. ಚಾಚಾನಿಗೆ ಎರಡು ಪುಟ ಹೊಸದಾಗಿ ಬರೆದೆ. ಈಗ ಪ್ರೇಕ್ಷಕರು ಯಾರ ಪಕ್ಷ ವಹಿಸುತ್ತಾರೋ ನನಗೇ ಗೊತ್ತಿಲ್ಲ. ಹಾಗೇ ಇರಬೇಕು ಎಂದು ಮೇಡಂ ಹೇಳುತ್ತಾರೆ.

ಸರಿ, ಕೊಡುವುದು ಯಾರಿಗೆ?

ಎಲ್ಲಕ್ಕಿಂತ ಬೇಗ ಸಿಗುವ ವೇದಿಕೆ ಎನ್‌ಎಸ್‌ಎಸ್ ಶಿಬಿರ. ಬೀದಿ ನಾಟಕಕ್ಕೆ ಪರದೆ ಬೇಡ, ಲೈಟು ಬೇಡ, ಒಂದು ಡಪ್ಪು ಸಾಕು. ಕರ್ನಾಟಕದಲ್ಲಿ 'ಸಮುದಾಯ' ತಂಡ 1975ರಲ್ಲಿ ಹುಟ್ಟಿ, ಜಾಥಾ ಹೊರಟು ಹಳ್ಳಿ ಹಳ್ಳಿಗಳಲ್ಲಿ ಇಂಥ ನಾಟಕ ಆಡಿತ್ತು. ಕಳೆದ ಶಿಬಿರದಲ್ಲಿ ನಾನು ಬರೆದ ಹನ್ನೆರಡು ನಿಮಿಷದ ನಾಟಕ ಒಟಿಪಿ ಮೋಸದ ಬಗ್ಗೆ. ಪಾತ್ರದವಳು ಫೋನಿನಲ್ಲಿ ನಂಬರ್ ಹೇಳಲು ಹೊರಟಾಗ ಗುಂಪಿನಿಂದ ಒಬ್ಬ ಅಜ್ಜ ಎದ್ದು, "ಹೇಳಬ್ಯಾಡವ್ವಾ, ಹೇಳಬ್ಯಾಡ!" ಎಂದು ಕೂಗಿದರು. ನನಗೆ ಬಂದ ಮೊದಲ ವಿಮರ್ಶೆ ಅದು.

ಎರಡನೆಯದು ಕಾಲೇಜಿನ ವೇದಿಕೆ. ಬೇರೆಯವರ ನಾಟಕ ಆಡುವುದಾದರೆ ಅನುಮತಿ ಬೇಕೇ ಎಂದು ಹಲವರು ಕೇಳುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಶಿಕ್ಷಣ ಸಂಸ್ಥೆಯ ಚಟುವಟಿಕೆಯಾಗಿ ವಿದ್ಯಾರ್ಥಿಗಳು ಮತ್ತು ಸಿಬ್ಬಂದಿ ಆಡಿ, ನೋಡುವವರೂ ಅವರೇ, ಪೋಷಕರು ಮತ್ತು ಸಂಸ್ಥೆಗೆ ಸಂಬಂಧಪಟ್ಟವರು ಮಾತ್ರ ಆಗಿದ್ದರೆ ಅದು ಹಕ್ಕಿನ ಉಲ್ಲಂಘನೆ ಅಲ್ಲ. ಹೊರಗೆ ಟಿಕೆಟ್ ಇಟ್ಟು ಆಡುವುದಾದರೆ ನಾಟಕಕಾರರ ಒಪ್ಪಿಗೆ ಪಡೆದು, ಕೇಳಿದರೆ ಗೌರವಧನ ಕೊಡಬೇಕು. ಲೇಖಕರು ತೀರಿಕೊಂಡ ನಂತರವೂ 60 ವರ್ಷ ಆ ಹಕ್ಕು ಇರುತ್ತದೆ. ಇದೇ ಕಾಯ್ದೆ ನಮ್ಮನ್ನೂ ಕಾಯುತ್ತದೆ. ನೀವು ಬರೆದ ದಿನದಿಂದಲೇ ಅದು ನಿಮ್ಮದು, ನೋಂದಣಿ ಕಡ್ಡಾಯವಿಲ್ಲ. ಆದರೂ ಮೊದಲ ಪುಟದಲ್ಲಿ ಹೆಸರು, ತಾರೀಕು ಬರೆದು, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಂಡೇ ಕೊಡಿ. ನನ್ನ ಎಪ್ಪತ್ತು ಪುಟದ ಪ್ರತಿ ಒಂದೇ ಇತ್ತು, ಆ ಹದಿನೈದು ದಿನ ನನಗೆ ನಿದ್ದೆ ಇರಲಿಲ್ಲ.

ಹವ್ಯಾಸಿ ತಂಡಗಳ ಬಾಗಿಲು ಮುಂದಿನಿಂದ ತೆರೆಯುವುದು ಕಷ್ಟ, ಪಕ್ಕದಲ್ಲಿ ಒಂದು ಬಾಗಿಲಿದೆ. ಏಪ್ರಿಲ್, ಮೇ ತಿಂಗಳಲ್ಲಿ ಮಕ್ಕಳ ಬೇಸಿಗೆ ಶಿಬಿರಗಳು ನಡೆಯುತ್ತವೆ. ಮೂವತ್ತು ಮಕ್ಕಳಿಗೂ ಒಂದೊಂದು ಮಾತಾದರೂ ಇರುವ ಅರ್ಧ ಗಂಟೆಯ ನಾಟಕ ಅವರಿಗೆ ಬೇಕು, ಅಂಥವು ಸುಲಭವಾಗಿ ಸಿಗುವುದಿಲ್ಲ. ಒಂದು ಜನಪದ ಕಥೆಯನ್ನು ಹಾಗೆ ಬರೆದುಕೊಟ್ಟರೆ ಸಂತೋಷದಿಂದ ತೆಗೆದುಕೊಳ್ಳುತ್ತಾರೆ. ತಾಲೀಮಿಗೆ ಹೋಗಿ ಕೂರಲೂ ಬಿಡುತ್ತಾರೆ. ಎಪ್ಪತ್ತು ಪುಟ ಬರೆದು ಕಲಿಯದ್ದನ್ನು ನಾನು ಎರಡು ದಿನ ತಾಲೀಮಿನ ಮೂಲೆಯಲ್ಲಿ ಕುಳಿತು ಕಲಿತೆ.

ಭದ್ರಾವತಿ ಆಕಾಶವಾಣಿ ನಮಗೆ ಹತ್ತಿರ. ರೇಡಿಯೋ ನಾಟಕಕ್ಕೆ ಸೆಟ್ ಬೇಡ, ನನ್ನ ಮಳೆಯನ್ನೂ ಬಸ್ ಸ್ಟ್ಯಾಂಡನ್ನೂ ಬರೀ ಸದ್ದಿನಲ್ಲಿ ತರಬಹುದು. ಕಾರ್ನಾಡರ ಟೀಪು ಸುಲ್ತಾನ್ ನಾಟಕವೂ ಮೊದಲು ಬಿಬಿಸಿ ರೇಡಿಯೋಗೆಂದೇ ಬರೆದದ್ದು. ಹುಡುಗಿಯರಿಗೆ ಇನ್ನೊಂದು ಮಾತು. ವೇದಿಕೆ ಹತ್ತುವುದಕ್ಕೆ ಮನೆಯಲ್ಲಿ ಒಪ್ಪದಿದ್ದರೂ ಬರೆಯುವುದಕ್ಕೆ ಯಾರೂ ಅಡ್ಡಿ ಮಾಡುವುದಿಲ್ಲ. ಬರೆದದ್ದನ್ನು ನೋಡಲು ಅವರೇ ಬಂದು ಮುಂದಿನ ಸಾಲಿನಲ್ಲಿ ಕುಳಿತ ಮೇಲೆ ಮುಂದಿನ ಮಾತು ಸುಲಭ.

ದೊಡ್ಡ ಸಂಸ್ಥೆಗಳಿಗೆ ಈಗಲೇ ಹಸ್ತಪ್ರತಿ ಹಿಡಿದು ಹೋಗಬೇಕಿಲ್ಲ, ನಾಟಕ ನೋಡಲು ಹೋಗಿ. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ನೀನಾಸಂ 1949ರಿಂದ ಇದೆ. 1980ರಲ್ಲಿ ಅಲ್ಲಿ ರಂಗಶಿಕ್ಷಣ ಕೇಂದ್ರ ಶುರುವಾಯಿತು, 1985ರಿಂದ ಅವರ 'ತಿರುಗಾಟ' ಊರೂರಿಗೆ ನಾಟಕ ಒಯ್ಯುತ್ತಿದೆ. ಅಲ್ಲಿನ ಅಕ್ಷರ ಪ್ರಕಾಶನ ನಾಟಕದ ಪುಸ್ತಕಗಳನ್ನೂ ತರುತ್ತದೆ. ನಮ್ಮ ಊರಿನಲ್ಲೇ ರಂಗಾಯಣ ಇದೆ. ಹದಿನೆಂಟು ತುಂಬಿದ ಮೇಲೆ, ಪುಸ್ತಕ ಮಾಡುವಷ್ಟು ಬರೆದಿದ್ದರೆ, ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಯೋಜನೆಯೂ ಇದೆ. ನನಗೆ ಇನ್ನೂ ಎಂಟು ತಿಂಗಳು ಬೇಕು.

'ಉದ್ರಿ ಪುಸ್ತಕ'ದ ತಾಲೀಮು ಮುಂದಿನ ವಾರದಿಂದ. ಶನಿವಾರ ಕೊನೆಯ ಪೀರಿಯಡ್ ಆದ ಮೇಲೆ, ಅದೇ ಲೈಬ್ರರಿಯ ಹಿಂದಿನ ಕೋಣೆ. ದಾದಿ, ಚಾಚಾ, ಸೊಸೆ ಸಿಕ್ಕಿದ್ದಾರೆ. ದುಡ್ಡು ಕೊಡಲು ಬರುವ ಗಿರಾಕಿ ಇನ್ನೂ ಸಿಕ್ಕಿಲ್ಲ. ಹನ್ನೊಂದೇ ಮಾತು ಇರುವ ಪಾತ್ರ. ಸೈನ್ಸ್ ವಿಭಾಗದವರೂ ಬರಬಹುದು. ಹಳೆಯದೊಂದು ಉದ್ದನೆಯ ಲೆಕ್ಕದ ಪುಸ್ತಕ, ಕೆಂಪು ಬಟ್ಟೆಯ ರಟ್ಟಿನದು, ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ತನ್ನಿ. ನಮ್ಮ ಮನೆಯದನ್ನು ದಾದಿ ಕೊಡುವುದಿಲ್ಲ ಅಂದಿದ್ದಾರೆ.