ಗಾಳದ ವಿನೋದ

ಬೇಸಿಗೆಯ ರಜೆ ಸಮೀಪಿಸಿದಾಗ, ಹುಡುಗಿಯರು ಇಷ್ಟು ದಿವಸ ಮನೆಯಲ್ಲಿ ಕುಳಿತು ಏನು ಮಾಡಬೇಕೆಂದು ಪಾಲಕರು ನಮ್ಮನ್ನು ಕೇಳುವದುಂಟು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸೀಮೆಯ ಕುಟುಂಬಗಳಿಗೆ ನಾವು ಗಾಳದಿಂದ ಮೀನು ಹಿಡಿಯುವ ವಿನೋದವನ್ನು ಸೂಚಿಸುತ್ತೇವೆ. ಅಣ್ಣತಮ್ಮಂದಿರು ಕೋಲು ಹಿಡಿದು ಹೊಳೆಗೆ ಹೊರಟಾಗ ಅಕ್ಕತಂಗಿಯರು ಬುತ್ತಿ ಕಟ್ಟಿಕೊಟ್ಟು ಮನೆಯಲ್ಲಿ ಉಳಿಯುವ ಪದ್ಧತಿಯು ನಮಗೆ ಸರಿತೋರುವದಿಲ್ಲ. ಈ ಕೆಲಸಕ್ಕೆ ತೋಳ್ಬಲ ಹೆಚ್ಚಾಗಿ ಬೇಕಿಲ್ಲ. ತಾಳ್ಮೆಯೂ ತೀಕ್ಷ್ಣವಾದ ದೃಷ್ಟಿಯೂ ಹಗುರಾದ ಕೈಯೂ ಬೇಕು. ಹೊಲಿಗೆ ಕಲಿತ ಹುಡುಗಿಗೆ ಇವು ಆಗಲೇ ಬಂದಿರುತ್ತವೆ.

ಇದನ್ನು ಕೀಳು ಕಾಲಕ್ಷೇಪವೆಂದು ತಿಳಿಯುವವರು ನೆರೆಯ ಕಲ್ಯಾಣದ ಕಡೆಗೆ ನೋಡಲಿ. 12ನೆಯ ಶತಮಾನದಲ್ಲಿ ಅಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥವಾದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಅಧ್ಯಾಯವೇ ಉಂಟು. ಮೀನುಗಳ ಜಾತಿಗಳನ್ನೂ ಅವುಗಳಿಗೆ ಹಾಕತಕ್ಕ ಮೇವನ್ನೂ ಗಾಳ ಹಾಕುವ ಕ್ರಮವನ್ನೂ ಅರಸನು ಅದರಲ್ಲಿ ವಿವರಿಸಿದ್ದಾನೆ. ಮತ್ಸ್ಯಶಾಸ್ತ್ರಜ್ಞರಾದ ಸುಂದರಲಾಲ ಹೋರಾ ಅವರು 1951ರಲ್ಲಿ ಈ ಅಧ್ಯಾಯದ ವಿಷಯವಾಗಿ ಪ್ರಬಂಧವನ್ನು ಪ್ರಕಟಿಸಿದರು.

ನಮ್ಮದು ಬಿಸಿಲು ನಾಡಾದರೂ ಹೊಳೆಗಳಿಲ್ಲದ ನಾಡಲ್ಲ. ಚಿಂಚೋಳಿಯ ಮುಲ್ಲಾಮಾರಿಯೂ ಸೇಡಮಿನ ಕಮಲಾವತಿಯೂ ಕಾಗಿಣೆಯನ್ನು ಕೂಡುವವು. ಕಾಗಿಣೆಯು ಮಳಖೇಡವನ್ನು ದಾಟಿ ಶಹಾಬಾದದ ಸಮೀಪದ ಹೊನಗುಂಟೆಯಲ್ಲಿ ಭೀಮೆಯನ್ನು ಸೇರುವದು. ಬೇಸಿಗೆಯಲ್ಲಿ ಹರಿವು ಸೊರಗಿ ನೀರು ಮಡುಗಳಲ್ಲಿ ನಿಲ್ಲುವದು. ಮೀನೂ ಅಲ್ಲಿಯೇ ಕೂಡಿಕೊಳ್ಳುವದು. ಊರ ಕೆರೆಗಳನ್ನು ಮೀನುಗಾರರ ಸಂಘಗಳಿಗೆ ಗುತ್ತಿಗೆ ಕೊಟ್ಟಿರುವದುಂಟು. ಅವರು ಹಣ ಕೊಟ್ಟು ಮರಿ ಬಿಟ್ಟಿರುವದರಿಂದ ಕೇಳದೆ ಗಾಳ ಹಾಕುವದು ಸಭ್ಯತೆಯಲ್ಲ. ಚಿಂಚೋಳಿಯ ಅರಣ್ಯವು 2011ರಲ್ಲಿ ವನ್ಯಜೀವಿಧಾಮವಾಯಿತು. ಅದರೊಳಗಿನ ನೀರಿನಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಮೀನು ಹಿಡಿಯಕೂಡದು.

ಶಹಾಬಾದ, ವಾಡಿಗಳ ಪಾಲಕರಿಗೆ ನಾವು ವಿಶೇಷವಾಗಿ ಹೇಳತಕ್ಕದ್ದೊಂದುಂಟು. ಹಾಸುಗಲ್ಲು ತೆಗೆದು ಬಿಟ್ಟ ಗಣಿಗಳಲ್ಲಿ ಮಳೆಯ ನೀರು ನಿಲ್ಲುವದು, ಅದರಲ್ಲಿ ಮೀನು ಕಾಣುವದೂ ಉಂಟು. ಹೊಳೆಯ ದಡವು ಸಾಮಾನ್ಯವಾಗಿ ಮೆಲ್ಲನೆ ಇಳಿಯುವದು. ಗಣಿಯ ಅಂಚಾದರೋ ಗೋಡೆಯಂತೆ ಕಡಿದಿರುವದು. ಮೊದಲ ಹೆಜ್ಜೆಗೇ ಆಳು ಮುಳುಗುವಷ್ಟು ನೀರು. ಮೇಲೆ ಹತ್ತಲು ಹಿಡಿತವಿಲ್ಲ. ದೊಡ್ಡವರು ಜೊತೆಗಿದ್ದರೂ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬೇಡಿರಿ. ಹೊಳೆಗೆ ಹೋಗುವಾಗಲೂ ಈಜು ಬಲ್ಲ ಹಿರಿಯರೊಬ್ಬರೂ ಒಂದು ಉದ್ದವಾದ ಹಗ್ಗವೂ ಜೊತೆಗಿರಲಿ. ಹೆಣ್ಣುಮಕ್ಕಳಿಗೂ ಈಜು ಕಲಿಸಿರಿ. ಸೀರೆಯುಟ್ಟು ನೀರಿಗೆ ಬಿದ್ದವಳ ಕೈಕಾಲುಗಳು ಬಟ್ಟೆಯಲ್ಲಿಯೇ ಸಿಕ್ಕಿಕೊಳ್ಳುವವು.

ಇನ್ನು ಸಲಕರಣೆ. ಬಿದಿರ ಕೋಲು, ನೈಲಾನ್ ದಾರ, ಗಾಳ, ಸೀಸದ ಗುಂಡು, ನೀರ ಮೇಲೆ ತೇಲುವ ಬೆಂಡು, ಇಷ್ಟೇ. ಜೋಳದ ದಂಟಿನೊಳಗಿನ ಬೆಂಡು ಈ ಕೆಲಸಕ್ಕೆ ಸಾಕಾಗುವದು. ಎರೆಹುಳುವನ್ನು ಮುಟ್ಟಲು ಹೇಸುವವರು ಹಿಟ್ಟನ್ನು ಉಪಯೋಗಿಸಬಹುದು. ಜೋಳದ ಹಿಟ್ಟಿಗೆ ಗೋದಿಯ ಅಂಟಿಲ್ಲದ್ದರಿಂದ ಅದು ನೀರಿನಲ್ಲಿ ಬೇಗ ಕರಗುವದು. ಆದಕಾರಣ ಮೀನನ್ನು ಹತ್ತಿರಕ್ಕೆ ಕರೆಯಲು ಜೋಳದ ಹಿಟ್ಟನ್ನು ನೀರಿಗೆ ಎರಚಿ, ಗಾಳಕ್ಕೆ ಗೋದಿಯ ಕಣಕವನ್ನು ಚುಚ್ಚಬೇಕು. ರೊಟ್ಟಿಯನ್ನೂ ಚಪಾತಿಯನ್ನೂ ಮಾಡಬಲ್ಲ ತಾಯಂದಿರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕಾಟ್ಲಾ ನೀರಿನ ಮೇಲ್ಭಾಗದಲ್ಲಿಯೂ ರೋಹು ನಡುವಿನಲ್ಲಿಯೂ ಮೃಗಾಲವು ತಳದಲ್ಲಿಯೂ ಮೇಯುವದರಿಂದ, ಬೆಂಡನ್ನು ದಾರದ ಮೇಲೆ ಸರಿಸಿ ಗಾಳದ ಆಳವನ್ನು ಗೊತ್ತುಮಾಡಬೇಕು.

ನಾವಾಡುವ ಮಾತು ಗಾಳಿಯಿಂದ ನೀರಿಗೆ ಅಷ್ಟಾಗಿ ಇಳಿಯುವದಿಲ್ಲ. ದಡದ ಬಂಡೆಯ ಮೇಲೆ ತುಳಿದ ಹೆಜ್ಜೆಯ ನಡುಕವಾದರೋ ಕೂಡಲೇ ಇಳಿಯುವದು. ಮೀನು ಅದನ್ನು ತನ್ನ ಪಕ್ಕೆಯ ಗೆರೆಯಿಂದ ಅರಿಯುವದು. ಆದ್ದರಿಂದ ಮಕ್ಕಳು ಪಿಸುಮಾತಾಡಲಿ, ಓಡಾಡದಿರಲಿ. ನೆರಳು ನೀರಿನ ಮೇಲೆ ಬೀಳದಂತೆ ಕೂಡಲಿ. ಬೆಂಡು ನಡುಗಿದೊಡನೆ ಎಳೆಯಬಾರದು. ಆಗ ಮೀನು ರುಚಿ ನೋಡುತ್ತಿರುವದು. ಬೆಂಡು ಮುಳುಗಿದಾಗ, ಇಲ್ಲವೆ ಓರೆಯಾಗಿ ಸರಿದಾಗ, ಮಣಿಕಟ್ಟಿನಿಂದ ಮಾತ್ರ ಎತ್ತಬೇಕು. ರಭಸದಿಂದ ಎಳೆದರೆ ಗಾಳವು ಹಿಂದೆ ನಿಂತವರ ಕಿವಿಗೆ ಹೋಗಿ ಚುಚ್ಚೀತು. ದೊಡ್ಡ ಮೀನಾದರೆ ದಾರವನ್ನು ಸಡಿಲಬಿಡದೆ ಅದು ದಣಿಯುವವರೆಗೆ ಕಾಯಬೇಕು.

ಸಣ್ಣ ಮೀನನ್ನು ತಿರುಗಿ ಬಿಡುವಾಗ ಕೈ ಒದ್ದೆಯಾಗಿರಲಿ. ಒಣಗಿದ ಕೈ ಮೈಮೇಲಿನ ಲೋಳೆಯನ್ನು ಕೀಳುವದು, ಆ ಲೋಳೆಯೇ ಅದಕ್ಕೆ ರೋಗದಿಂದ ರಕ್ಷೆ. ಮಳೆಗಾಲದಲ್ಲಿ ನೀರ ಮೇಲೆ ಕೆಂಪು ಮರಿಗಳ ಹಿಂಡು ಕಂಡರೆ ಅಲ್ಲಿ ಗಾಳ ಹಾಕಬೇಡಿರಿ. ಅವು ಮರಲ್ ಎಂಬ ಕೊರವ ಮೀನಿನ ಮರಿಗಳಾಗಿರಬಹುದು. ತಾಯಿತಂದೆಗಳು ಕೆಳಗೆ ಕಾವಲಿರುವವು, ಅವನ್ನು ಹಿಡಿದರೆ ಹಿಂಡೆಲ್ಲ ಬೇರೆ ಮೀನುಗಳ ಬಾಯಿಗೆ ಬೀಳುವದು.

ಮನೆಗೆ ತಂದ ಮೀನನ್ನು ಹಿಡಿದವರೇ ಶುಚಿಮಾಡಲಿ, ಗಂಡುಮಕ್ಕಳೂ ಕೂಡ. ಬಾಲದಿಂದ ತಲೆಯ ಕಡೆಗೆ ಚಾಕು ನಡೆಸಿದರೆ ಹುರುಪೆ ಸುಲಭವಾಗಿ ಬರುವದು.