ದರ ಬಿದ್ದ ವರ್ಷ ಬೆಳೆದ ಖಾರದಪುಡಿ ಗಿರಣಿ

ರಾಣೆಬೆನ್ನೂರು ಕಡೆ ನಮ್ಮದು ಎರಡೆಕರೆ ಮೆಣಸಿನಕಾಯಿ, ಮನೆ ಪಕ್ಕ ಸಣ್ಣ ಗಿರಣಿ. 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಪೇಟೆಯಲ್ಲಿ ದರ ಕುಸಿದು, ಸಿಟ್ಟಿಗೆದ್ದ ರೈತರು ಎಪಿಎಂಸಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದ್ದು ನಿಮಗೆ ಗೊತ್ತೇ ಇದೆ. ಆ ವರ್ಷವೇ ನಮ್ಮಲ್ಲಿ ಇಬ್ಬರಿದ್ದ ಕೆಲಸಗಾರರು ಆರಾದರು.

ಹೆಂಗೆ ಅಂತೀರಾ? ಕಾಯಿಯ ದರ ಬಿದ್ದಷ್ಟು ನಮ್ಮ ಪುಡಿಯ ದರ ಬೀಳಲಿಲ್ಲ. ನೆರೆಯ ರೈತರೂ ಕಾಯಿ ತಂದು ಕೂಲಿಗೆ ಪುಡಿ ಮಾಡಿಸಿಕೊಂಡರು.

ಆಳು ಬೇಕಾಗೋದು ಯಂತ್ರಕ್ಕಲ್ಲ, ತುಂಬು ಬಿಡಿಸೋದಕ್ಕೆ. ಊರ ಹೆಣ್ಣುಮಕ್ಕಳು ತೊಟ್ಟು ಕಿತ್ತು, ಬಿಳಿಚಿದ, ಬೂಸ್ಟು ಹಿಡಿದ ಕಾಯಿ ಬೇರೆ ಮಾಡ್ತಾರೆ. ಕೂಲಿ ತೂಕದ ಲೆಕ್ಕ, ವಾರದ ಬಟವಾಡೆ. ಇದನ್ನು ತಪ್ಪಿಸಿದರೆ ಅವರು ಮತ್ತೆ ಬರೋದಿಲ್ಲ.

2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ, ಬೆಲೆಯೂ ಬಣ್ಣಕ್ಕೇ. ಬೆಳಕು, ಬಿಸಿ, ತೇವಕ್ಕೆ ಬಣ್ಣ ಇಳಿಯುತ್ತದೆ, ಪುಡಿಯಾದ ಮೇಲಂತೂ ಇನ್ನೂ ಬೇಗ. ಅದಕ್ಕೇ ಕಾಯನ್ನು ಶೀತಲಗೃಹದಲ್ಲಿಟ್ಟು, ಹಾವೇರಿಯ ಖಾನಾವಳಿ, ಅಂಗಡಿಗಳು ಕೇಳಿದಷ್ಟೇ ತಂದು ಬೀಸ್ತೇವೆ.

ಶುರು ಮಾಡುವವರಿಗೆ ಒಂದೇ ಮಾತು: ಮೊದಲು ಗಿರಾಕಿ ಹುಡುಕಿ, ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿ, ಯಂತ್ರದ ಸಾಲ ಆಮೇಲೆ.