ನಿಮಗಿದು ಗೊತ್ತೆ? ಮನೆಯಲ್ಲಿ ಆರು ನಿಮಿಷ ಮೊದಲೇ ಮುಗಿಯುತ್ತಿದ್ದ ಚಿತ್ರ

ಕಾಗವಾಡ, ನಿಪ್ಪಾಣಿ, ಚಿಕ್ಕೋಡಿಗಳ ನೆರೆಯ ನಗರವಾದ ಕೊಲ್ಹಾಪುರದ ಛತ್ರಪತಿ ಸಿನೆಟೋನ್ ಸ್ಟುಡಿಯೋದಲ್ಲಿ ಚಿತ್ರಿತವಾಗಿ, 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ‘ಸತಿ ಸುಲೋಚನಾ’ ಕನ್ನಡದ ಪ್ರಥಮ ವಾಕ್ಚಿತ್ರವೆಂಬುದನ್ನು ಈ ಗಡಿಸೀಮೆಯವರು ಅಭಿಮಾನದಿಂದ ನೆನೆಯತಕ್ಕದ್ದು.

ಅಂದು ಚಲಚ್ಚಿತ್ರವೆಂದರೆ ಚಿತ್ರಮಂದಿರಕ್ಕೆ ಹೋಗಿಯೇ ನೋಡತಕ್ಕ ವಸ್ತು. ಸೆಕೆಂಡಿಗೆ 24 ಚೌಕಟ್ಟುಗಳಂತೆ ಸುರುಳಿಯು ಸರಿಯುತ್ತಿರುವಾಗ, ಒಂದು ಚೌಕಟ್ಟು ಜಾರಿ ಮತ್ತೊಂದು ನೆಲೆಗೊಳ್ಳುವಷ್ಟರಲ್ಲಿ ಯಂತ್ರದೊಳಗೆ ತಿರುಗುವ ರೆಕ್ಕೆಯು ಬೆಳಕನ್ನು ಮರೆಮಾಡುತ್ತಿದ್ದುದರಿಂದ, ಎವೆಯಿಕ್ಕದೆ ನೋಡಿದೆವೆಂದು ಭಾವಿಸಿದ ಪ್ರೇಕ್ಷಕರ ಮುಂದೆ ತೆರೆಯು ಸುಮಾರು ಅರ್ಧದಷ್ಟು ಹೊತ್ತು ಕತ್ತಲಾಗಿಯೇ ಇರುತ್ತಿತ್ತು. ಕಣ್ಣಿಗೆ ಅದರ ಸುಳಿವೇ ಸಿಗುತ್ತಿರಲಿಲ್ಲ.

ಮನೆಯ ದೂರದರ್ಶನದ ಲೆಕ್ಕ ಬೇರೆ. ನಮ್ಮ ದೇಶವು ಅಂಗೀಕರಿಸಿದ್ದ ‘ಪಾಲ್’ ಪದ್ಧತಿಯಲ್ಲಿ ಸೆಕೆಂಡಿಗೆ 25 ಚೌಕಟ್ಟುಗಳು. ಆದಕಾರಣ ಆ ಪದ್ಧತಿಗೆ ಹೊಂದುವಂತೆ ಚಿತ್ರವನ್ನು ತುಸು ವೇಗವಾಗಿ ಓಡಿಸುವುದು ರೂಢಿಯಾಗಿದ್ದಿತು. ಹಾಗೆ ಓಡಿಸಿದಾಗ, ಚಿತ್ರಮಂದಿರದಲ್ಲಿ 150 ನಿಮಿಷ ನಡೆದ ಚಿತ್ರವು, ಒಂದು ದೃಶ್ಯವೂ ಕತ್ತರಿಗೆ ಸಿಗದಿದ್ದರೂ, ಮನೆಯಲ್ಲಿ 144 ನಿಮಿಷಕ್ಕೇ ಮುಗಿಯುತ್ತಿತ್ತು! ಜೊತೆಗೆ ಗಾಯಕರ ಶ್ರುತಿಯೂ ಕಿಂಚಿತ್ತು ಏರುತ್ತಿತ್ತು.

ಮನೆಯ ಸೌಕರ್ಯವು ಅಲ್ಪವೇನಲ್ಲ. ಆದರೆ ಅಂದಿನ ಹಾಡುಗಳನ್ನು ಅವುಗಳ ನಿಜವಾದ ಶ್ರುತಿಯಲ್ಲಿ ಕೇಳಿದವರು ಚಿತ್ರಮಂದಿರದಲ್ಲಿ ಕುಳಿತವರೇ.